ಹಾರ್ಮೋನಿಯಂ, ತಬಲಾ ಇಟ್ಟರೆ ಪೂಜೆ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಈಗ ಹಾರ್ಮೋನಿಯಂ, ತಬಲಾ ಇಟ್ಟು ಭಜನೆಯ ಧಾಟಿಯಲ್ಲಿ ಹಾಡಿಸುತ್ತಿದ್ದಾರೆ. ಕ್ರೈಸ್ತರ ಮೂಲ ವಾದ್ಯ ಆರ್ಗನ್ ಅಲ್ಲವೇ? ಹೀಗಾದರೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದು ಹೇಗೆ?

ಕಾಫಿ ಕೊಯ್ಲಾದರೂ ಮುಗಿಯುತ್ತದೆ, ಈ ಪ್ರಶ್ನೆ ಮುಗಿಯುವುದಿಲ್ಲ. ಸಿದ್ದಾಪುರದವರು ಕೇಳಿದರೂ ಸುಂಟಿಕೊಪ್ಪದವರು ಕೇಳಿದರೂ ಆ 'ಮೂಲ ವಾದ್ಯ' ಬಂದೇ ಬರುತ್ತದೆ.

ಆರ್ಗನ್ ಚರ್ಚಿನಲ್ಲಿ ಹುಟ್ಟಿದ್ದಲ್ಲ ಸ್ವಾಮಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ನೀರಿನ ಒತ್ತಡದಿಂದ ಕೊಳವೆಗಳಿಗೆ ಗಾಳಿ ನುಗ್ಗಿಸುವ ಯಂತ್ರ ಕಟ್ಟಿದ. ಯೇಸು ಆಗ ಹುಟ್ಟೇ ಇರಲಿಲ್ಲ. ರೋಮನ್ನರು ಅದನ್ನು ನುಡಿಸಿದ್ದು ಕತ್ತಿಕಾಳಗದ ಅಖಾಡದಲ್ಲಿ. 757ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಫ್ರಾಂಕರ ದೊರೆ ಪೆಪಿನ್‌ಗೆ ಒಂದನ್ನು ಕಳಿಸಿದ, ಅದೂ ರಾಜ ಉಡುಗೊರೆ. ಚರ್ಚಿನಲ್ಲಿ ಅದು ಬೇರೂರಿದ್ದು ಅದಕ್ಕೂ ಆಮೇಲೆ. ರಷ್ಯನ್ ಆರ್ಥೊಡಾಕ್ಸ್ ಪೂಜೆಯಲ್ಲಿ ಇಂದಿಗೂ ಬರೀ ಕಂಠ. ಅವರೇನು ಕ್ರೈಸ್ತರಲ್ಲವೇ?

ಇನ್ನು ನೀವು 'ದೇಶಿ' ಎಂದು ಮುಖ ಸಿಂಡರಿಸುವ ಹಾರ್ಮೋನಿಯಂ? ಡೆಬೇನ್ ಎಂಬಾತ 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಆರಂಭ 1792. ಹಾರ್ಮೋನಿಯಂ ಅದಕ್ಕಿಂತ 50 ವರ್ಷ ಕಿರಿದು!

ತಬಲಾ ದೇಶಿಯೇ, ಒಪ್ಪಿದೆ. ಆದರೆ ಬೈಬಲ್‌ನ 150ನೇ ಕೀರ್ತನೆ ತೆರೆದು ನೋಡಿ: ದಮ್ಮಡಿ, ತಾಳ, ತಂತಿ, ಕೊಳಲು, ಕುಣಿತ ಎಲ್ಲವೂ ಇವೆ. 1963ರ ವ್ಯಾಟಿಕನ್ ಸಭೆಯ (ಕ್ಯಾಥೊಲಿಕ್ ಬಿಷಪ್‌ಗಳ ಮಹಾಸಭೆಯ) ದಸ್ತಾವೇಜು ಆರ್ಗನ್‌ಗೆ ಗೌರವ ಕೊಟ್ಟಿದೆ, ನಿಜ. ಆಯಾ ನಾಡಿನ ಸಂಗೀತಕ್ಕೂ ಪೂಜೆಯಲ್ಲಿ ಜಾಗ ಕೊಡಿ ಎಂದಿರುವುದೂ ಅದೇ. ಅದಕ್ಕೂ ಶತಮಾನದ ಹಿಂದೆ, 1850ರಲ್ಲಿ, ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ ಮೋಗ್ಲಿಂಗ್ ಪಾದ್ರಿಯೇ. ಆಮೇಲೆ ನಮ್ಮ ಕೊಡಗಿಗೆ ಬಂದು ನೆಲೆಸಿದರಲ್ಲ, ಅವರೇ.

ಮನಸ್ಸು ನಿಲ್ಲುವುದಕ್ಕೆ ವಾದ್ಯಕ್ಕಿಂತ ಪುನರಾವರ್ತನೆ ಮುಖ್ಯ. ಫ್ರಾನ್ಸಿನ ತೇಜೆ ಮಠದಲ್ಲಿ ಒಂದೇ ಸಾಲನ್ನು ಹತ್ತಾರು ಸಲ ಹಾಡುತ್ತಾರೆ. ಮೊದಲೆರಡು ಸಲ ರಾಗದ ಮೇಲೆ ಗಮನ, ಆಮೇಲೆ ಮಾತಿನ ಮೇಲೆ, ಕೊನೆಗೆ ಉಸಿರೇ ಅದನ್ನು ಹೇಳತೊಡಗುತ್ತದೆ. ಭಜನೆಯಲ್ಲಿ ಪಲ್ಲವಿ ಮರಳಿ ಬರುವುದೂ ಇದಕ್ಕೇ. ಕಂಠ ಚೆನ್ನಾಗಿರಬೇಕೆಂದೇನಿಲ್ಲ.

ನೀವು ಕೇಳದಿದ್ದರೂ ಒಂದು ಮಾತು: ಹಾಡು ನಿಂತ ಮೇಲೆ ಏನು ಮಾಡುತ್ತೀರಿ? ಹಾಡು ಕರೆದೊಯ್ಯುವುದೇ ಆ ಮೌನಕ್ಕೆ. ಪರಮಪ್ರಸಾದದ ನಂತರ ಎರಡು ನಿಮಿಷ ಸುಮ್ಮನಿರಿ ಎಂದು ನಮ್ಮ ಗಾನವೃಂದಕ್ಕೆ ವರ್ಷಗಳಿಂದ ಹೇಳುತ್ತಿದ್ದೇನೆ. ಕೀಬೋರ್ಡಿನ ಹುಡುಗ ಆ ಎರಡು ನಿಮಿಷಕ್ಕೂ ಹಿನ್ನೆಲೆ ಸಂಗೀತ ಕೊಡುತ್ತಾನೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದ ಭಾನುವಾರ ಮಾತ್ರ ನಮಗೆ ಮೌನ ಸಿಗುವುದು.