ಮೊದಲು ಬುಷ್, ಆಮೇಲೆ ಶಾರ್ಟ್ ಶಿಫ್ಟರ್

ಶನಿವಾರ ಬೆಳಿಗ್ಗೆ ಶಟರ್ ಎತ್ತುವಾಗ ಹೊರಗೆ ಒಂದು ಹಳೆಯ ಮಾಜ್ದಾ ಎಂಎಕ್ಸ್-5 ನಿಂತಿದ್ದರೆ, ಅದರ ಪಕ್ಕದ ಸೀಟಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ಒಳಗೆ ಶಾರ್ಟ್ ಶಿಫ್ಟರ್, ಅಂದರೆ ಗೇರ್ ಹಾಕಲು ಕೈ ಸಾಗುವ ಹಾದಿಯನ್ನು ಚಿಕ್ಕದು ಮಾಡುವ ಲಿವರ್, ಜೊತೆಗೆ ಅದನ್ನು ತಯಾರಿಸಿದವರ ಸ್ಟಿಕರ್. ಶಿಫ್ಟರ್ ಪೆಟ್ಟಿಗೆಯಲ್ಲೇ ಇರುತ್ತದೆ. ಸ್ಟಿಕರ್ ಮಾತ್ರ ಆಗಲೇ ಕಾರಿನ ಗಾಜಿಗೆ ಏರಿರುತ್ತದೆ.

ಇಂಗ್ಲೆಂಡಿನ ನಡುನಾಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಗ್ಯಾರೇಜ್ ನಡೆಸುವ ನನಗೆ ಈ ಪೆಟ್ಟಿಗೆಯ ಮೇಲೆ ದ್ವೇಷವಿಲ್ಲ. ಆದರೆ ಬಂದವರೆಲ್ಲ "ಗೇರ್ ತುಂಬಾ ದೂರ ಹೋಗುತ್ತದೆ, ಚಿಕ್ಕದು ಮಾಡಿಕೊಡಿ" ಎನ್ನುತ್ತಾರೆ. ನಾನು ಇಂಜಿನ್ ಆರಿಸಿ, ಮೂರನೇ ಗೇರ್ ಹಾಕಿ, ಲಿವರನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಗೇರ್‌ನಲ್ಲಿ ಕೂತಿರಬೇಕಾದ ಲಿವರ್ ಕೀಲು ಕಿತ್ತ ಬಾಗಿಲಿನ ಹಾಗೆ ಆಡುತ್ತದೆ. ಅವರು ದೂರ ಎನ್ನುವುದು ಇದನ್ನೇ. ಗೇರ್ ಹಾಕಲು ಲಿವರ್ ಸಾಗಬೇಕಾದ ಹಾದಿ ಬೇರೆ, ಸವೆದ ಕೀಲಿನಲ್ಲಿ ವೃಥಾ ಅಲೆಯುವ ಪ್ಲೇ ಬೇರೆ. ಇಷ್ಟು ಹೇಳಿದರೂ ತಲೆ ಆಡಿಸಿ, "ಸರಿ, ಹಾಗಾದರೆ ಶಾರ್ಟ್ ಶಿಫ್ಟರ್ ಹಾಕಿಬಿಡಿ" ಎನ್ನುತ್ತಾರೆ.

ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಗೇರ್ ಲಿವರ್ ಒಂದು ಸನ್ನೆಗೋಲು. ನಡುವೆ ಗುಂಡು ಕೀಲು. ಮೇಲಿನ ತುದಿ ನಿಮ್ಮ ಕೈಯಲ್ಲಿ, ಕೆಳಗಿನ ತುದಿ ಗೇರ್ ಬಾಕ್ಸಿನ ರಾಡಿನಲ್ಲಿ. ಶಾರ್ಟ್ ಶಿಫ್ಟರ್ ಮಾಡುವುದೆಂದರೆ ಕೀಲಿನ ಕೆಳಗಿನ ಭಾಗವನ್ನು ಉದ್ದ ಮಾಡುವುದು, ಇಲ್ಲವೇ ಮೇಲಿನದನ್ನು ಮೊಟಕು ಮಾಡುವುದು, ಅಥವಾ ಎರಡೂ. ಕೈ ಸಾಗುವ ಹಾದಿ 50 ಮಿಲಿಮೀಟರ್ ಇದೆ, ಅದರಲ್ಲಿ 15 ಮಿಲಿಮೀಟರ್ ತಳದ ಬುಷ್, ಅಂದರೆ ಕೀಲಿಗೆ ತೊಡಿಸುವ ಸಣ್ಣ ಬಳೆ, ಸವೆದು ಬಂದ ಪ್ಲೇ ಎಂದಿಟ್ಟುಕೊಳ್ಳಿ. ಹಾದಿಯನ್ನು ಶೇಕಡಾ 30 ಕಡಿಮೆ ಮಾಡುವ ಲಿವರ್ ಹಾಕಿದರೆ 50 ಇದ್ದದ್ದು 35 ಆಗುತ್ತದೆ. ಪ್ಲೇ ಕೂಡ ಅದೇ ಪ್ರಮಾಣದಲ್ಲಿ ಕುಗ್ಗಿ ಹತ್ತೂವರೆಗೆ ಇಳಿಯುತ್ತದೆ. ಮೊದಲೂ ಹತ್ತರಲ್ಲಿ ಮೂರು ಪಾಲು ವ್ಯರ್ಥ, ಈಗಲೂ ಹತ್ತರಲ್ಲಿ ಮೂರು ಪಾಲು ವ್ಯರ್ಥ. ಕೈಗೆ ಮಾತ್ರ ಬಿಗಿಯಾಯಿತು ಎನ್ನಿಸುತ್ತದೆ. ಗಿರಾಕಿ ಖುಷಿಯಾಗಿ ಹೋಗುತ್ತಾನೆ, ಒಳಗಿನ ಬುಷ್ ಮತ್ತಷ್ಟು ಸವೆಯುತ್ತದೆ, ಕೆಲವು ತಿಂಗಳಲ್ಲಿ ಅದೇ ದೂರು ಹೊತ್ತು ಮರಳುತ್ತಾನೆ. ಆ ಹೊತ್ತಿಗೆ ನೂರಾರು ಪೌಂಡ್ ಕರಗಿರುತ್ತದೆ. ಹೊಸ ಬುಷ್ ಮತ್ತು ಲಿವರಿನ ಬುಡ ಮುಚ್ಚುವ ರಬ್ಬರ್ ಬೂಟ್‌ಗಳಿಗೆ ಅದರಲ್ಲಿ ಸಣ್ಣ ಪಾಲು ಸಾಕಿತ್ತು.

ಈ ಪಾಠ ನಾನು ಕಲಿತದ್ದು ಇಲ್ಲಿಯಲ್ಲ, ದಾವಣಗೆರೆಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿಗೆ ಬರುತ್ತಿದ್ದ ಅಂಬಾಸಿಡರ್, ಪದ್ಮಿನಿಗಳಿಗೆ ಗೇರ್ ಇರುತ್ತಿದ್ದುದು ಸ್ಟೀರಿಂಗಿನ ಪಕ್ಕದಲ್ಲಿ. ಲಿವರಿನಿಂದ ಗೇರ್ ಬಾಕ್ಸಿನವರೆಗೆ ರಾಡು, ಕೀಲು, ಮತ್ತೆ ರಾಡು. ಪ್ರತಿ ಕೀಲಿಗೂ ಒಂದು ಬುಷ್. ಬಾಡಿಗೆ ಕಾರಿನ ಚಾಲಕರು ಲಿವರಿನೊಡನೆ ಗುದ್ದಾಡುತ್ತಾ ಬಂದು ಗೇರ್ ಬಾಕ್ಸ್ ಇಳಿಸಬೇಕೇ ಎಂದು ಆತಂಕದಿಂದ ಕೇಳುತ್ತಿದ್ದರು. ನಮ್ಮ ಉಸ್ತಾದರು ಕಾರಿನ ಕೆಳಗೆ ತೂರಿ, ಹುಡುಗನಾಗಿದ್ದ ನನ್ನಿಂದ ಲಿವರ್ ಅಲ್ಲಾಡಿಸಿ, ಯಾವ ಕೀಲು ತಡವಾಗಿ ಕದಲುತ್ತದೆ ಎಂದು ನೋಡುತ್ತಿದ್ದರು. ಗೇರ್ ಬಾಕ್ಸ್ ಇಳಿಸಿದ ನೆನಪು ಕಡಿಮೆ, ಬುಷ್ ತರಲು ಸೈಕಲ್ ತುಳಿದ ನೆನಪು ಬೇಕಾದಷ್ಟಿದೆ.

ಎಂಎಕ್ಸ್-5 ಆ ಲೆಕ್ಕದಲ್ಲಿ ಪುಣ್ಯವಂತ ಕಾರು. 1989ರಲ್ಲಿ ಚಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡು 1997ರವರೆಗೆ ತಯಾರಾದ ಮೊದಲ ತಲೆಮಾರಿನದರಲ್ಲಿ ಲಿವರ್ ನೇರವಾಗಿ ಗೇರ್ ಬಾಕ್ಸಿನ ನೆತ್ತಿಯ ಮೇಲೆ ಕೂರುತ್ತದೆ. ಸವೆಯುವುದು ಲಿವರಿನ ತಳದ ಪ್ಲಾಸ್ಟಿಕ್ ಬುಷ್ ಮತ್ತು ಗುಂಡು ಕೀಲಿನ ಸೀಟು. ಹರಿಯುವುದು ಮೇಲಿನ ರಬ್ಬರ್ ಬೂಟ್‌ಗಳು. ಲಿವರಿನ ತಳ ಕೂರುವ ಗೂಡಿಗೆ ತನ್ನದೇ ಎಣ್ಣೆ ಉಂಟು, ಗೇರ್ ಬಾಕ್ಸಿಗೆ ಹೊಸ ಎಣ್ಣೆ ತುಂಬಿಸಿದರೆ ಅದು ಇಲ್ಲಿಗೆ ಏರಿ ಬರುವುದಿಲ್ಲ. ನಾನು ತೆರೆದ ಎಷ್ಟೋ ಗೂಡುಗಳಲ್ಲಿ ಒಂದು ಚಮಚ ಕಪ್ಪು ರಾಡಿ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಸಿರಿಂಜಿನಲ್ಲಿ ಎಳೆದು, ಬುಷ್ ಮತ್ತು ಬೂಟ್ ಬದಲಿಸಿ, ಹೊಸ 75ಡಬ್ಲ್ಯೂ-90 ಎಣ್ಣೆ ಹಾಕಿ ಕೊಟ್ಟರೆ ಹತ್ತರಲ್ಲಿ ಏಳೆಂಟು ಮಂದಿ ಪೆಟ್ಟಿಗೆಯ ಮಾತೇ ಎತ್ತುವುದಿಲ್ಲ. ಉಳಿದವರ ಕಾರಿಗೆ ಹಾಕಿಕೊಡುತ್ತೇನೆ. ಕಾರು ಅವರದು.

ಆದರೆ ಸನ್ನೆಗೋಲು ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಹಾದಿ ಶೇಕಡಾ 30 ಕಡಿಮೆಯಾದರೆ ಕೈ ಹಾಕಬೇಕಾದ ಬಲ ಶೇಕಡಾ 40ಕ್ಕೂ ಹೆಚ್ಚು ಏರುತ್ತದೆ. ಗೇರ್ ಬಾಕ್ಸಿನೊಳಗಿನ ಸಿಂಕ್ರೊ ಉಂಗುರಕ್ಕೆ ಎರಡು ಬೇರೆ ಬೇರೆ ವೇಗಗಳನ್ನು ಸರಿದೂಗಿಸಲು ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಈಗಲೂ ಅಷ್ಟೇ ಬೇಕು; ನೀವು ತಂದ ಪೆಟ್ಟಿಗೆಯ ಸುದ್ದಿ ಅದಕ್ಕೆ ತಲುಪಿರುವುದಿಲ್ಲ. ಅದರಲ್ಲೂ ಜನವರಿಯ ಬೆಳಿಗ್ಗೆ, ಎಣ್ಣೆ ತಣ್ಣಗಿರುವಾಗ ಎರಡನೇ ಗೇರ್ ಮುನಿಸಿಕೊಳ್ಳುತ್ತದೆ. ಆಗ ಒತ್ತಿ ನೂಕುವವರು ಉಂಗುರವನ್ನು ತಿನ್ನುತ್ತಾರೆ. 1986ರವರೆಗಿನ ಪೋರ್ಷೆ 911ರ 915 ಗೇರ್ ಬಾಕ್ಸಿಗಂತೂ ನಾನಾಗಿ ಶಾರ್ಟ್ ಶಿಫ್ಟರ್ ಸೂಚಿಸುವುದಿಲ್ಲ. ಅದು ಮೆದು ಕೈಯನ್ನು ಬೇಡುವ ಯಂತ್ರ. ಮೊದಲು ನೋಡಬೇಕಾದದ್ದು ಕಾರಿನ ನೆಲದ ನಡುವಿನ ಸುರಂಗದೊಳಗೆ ಹಾಯುವ ಉದ್ದ ರಾಡಿನ ಬುಷ್‌ಗಳನ್ನು.

ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾದಿಯನ್ನು ಅರ್ಧ ಮಾಡುತ್ತೇವೆ ಎನ್ನುವವರ ಮಾಲು ದಿನನಿತ್ಯದ ಕಾರಿಗೆ ಬೇಡ. ಕಾಲು ಭಾಗ ಕಡಿಮೆಯಾದರೂ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಬಿಎಂಡಬ್ಲ್ಯೂ ಇ36 ಇಟ್ಟುಕೊಂಡವರು ಅದೇ ಕಂಪನಿಯ ಜ಼ಡ್3 ಕಾರಿನ ಲಿವರ್ ಹಾಕಿಸುವುದುಂಟು, ಒಳ್ಳೆಯ ಯೋಚನೆ. ಆದರೆ ಆ ಕಾರುಗಳಲ್ಲಿ ಲಿವರಿನ ತಳ ಅತಿಯಾಗಿ ಉದ್ದವಾದರೆ ಅದಕ್ಕೆ ಸಿಕ್ಕಿಸಿದ ರಾಡು ಕೆಳಗಿಳಿದು, ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುತ್ತ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ತಾಗಬಹುದು. ಜೋಡಿಸಿದ ಮೇಲೆ ಎಲ್ಲ ಗೇರ್‌ಗಳಲ್ಲೂ ಕೆಳಗಿನಿಂದ ದೀಪ ಹಿಡಿದು ನೋಡದವರ ಕೈಗೆ ಕಾರು ಕೊಡಬೇಡಿ.

ಮತ್ತೊಂದು ಮಾತು. ಮೊದಲನೇ ಗೇರ್, ರಿವರ್ಸ್ ಕರಕರ ಎನ್ನುತ್ತಿದ್ದರೆ ಅದಕ್ಕೂ ಲಿವರಿಗೂ ಸಂಬಂಧ ಇಲ್ಲದಿರಬಹುದು. ಹಳೆಯ ಎಂಎಕ್ಸ್-5ರಲ್ಲಿ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುವುದು ಸಾಮಾನ್ಯ, ಸೋರಿದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಇನ್ನು ಈ ದೇಶದಲ್ಲಿ ಇಂಥ ಬದಲಾವಣೆಯನ್ನು ವಿಮೆಯವರಿಗೆ ತಿಳಿಸಬೇಕು. ಇದನ್ನು ಹೇಳಿದಾಗಲೆಲ್ಲ ಗಿರಾಕಿಗಳು ಮೊಬೈಲ್ ನೋಡತೊಡಗುತ್ತಾರೆ.

ಕಳೆದ ವರ್ಷ ಸಾಫ್ಟ್‌ವೇರ್ ಕೆಲಸದ ಮೈಸೂರಿನ ಹುಡುಗನೊಬ್ಬ 1991ರ ಕಾರು ತಂದಿದ್ದ. ಬುಷ್ ಬದಲಿಸಿ ಓಡಿಸಲು ಕೊಟ್ಟೆ. ಅರ್ಧ ಗಂಟೆ ಬಿಟ್ಟು ಮರಳಿದವನ ಮುಖ ಅರಳಿತ್ತು. "ಅಣ್ಣ, ಕಾರೇ ಬೇರೆಯಾಗಿದೆ" ಎಂದ. ಪೆಟ್ಟಿಗೆ ವಾಪಸ್ ಕಳಿಸುತ್ತೀಯಾ ಎಂದು ಕೇಳಿದೆ. ಗಾಜಿನ ಮೇಲಿನ ಸ್ಟಿಕರ್ ಕಡೆ ನೋಡಿದ. "ಸ್ಟಿಕರ್ ಅಂಟಿಸಿಬಿಟ್ಟಿದ್ದೇನೆ ಅಣ್ಣ" ಎಂದ.

ಹಾಕಿಕೊಟ್ಟೆ. ಕಂಪನಿಯ ಲಿವರನ್ನು ಎಣ್ಣೆ ಒರೆಸಿ, ಕಾಗದದಲ್ಲಿ ಸುತ್ತಿ, ಮೇಲೆ ಕಾರಿನ ನಂಬರ್ ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಜನವರಿಯಲ್ಲಿ ಒಮ್ಮೆ ಫೋನ್ ಮಾಡಿ, ಎರಡನೇ ಗೇರ್ ಬೆಳಿಗ್ಗೆ ಹೊತ್ತು ಯಾಕೋ ಬೀಳುತ್ತಿಲ್ಲ ಎಂದ. ಐದು ನಿಮಿಷ ಮೆಲ್ಲಗೆ ಓಡಿಸು ಎಂದೆ. ಲಿವರ್ ಇನ್ನೂ ಕಪಾಟಿನಲ್ಲೇ ಇದೆ.