ಗುಲಾಬಿ ಮೊಗ್ಗಿನ ಪಕ್ಕ ಬಾಳೆಹಣ್ಣು ಬೇಡ

ಹೂದಾನಿಯಲ್ಲಿಟ್ಟ ಗುಲಾಬಿ ಮೊಗ್ಗು ಅರ್ಧ ಬಿರಿದು ಹಾಗೇ ಬಾಡಿದ್ದನ್ನು ನೀವೂ ನೋಡಿರ್ತೀರಿ, ಅಲ್ವಾ? ತೊಟ್ಟಿನೊಳಗೆ ಗಾಳಿ ಸೇರಿ ನೀರು ಏರದೆ ಹೀಗಾಗಿರಬಹುದು. ಪಕ್ಕದಲ್ಲಿ ಹಣ್ಣಿನ ಬುಟ್ಟಿ ಇತ್ತಾ ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಿ.

ಮಾಗುವ ಬಾಳೆಹಣ್ಣು, ಸೇಬು ಎಥಿಲೀನ್ ಅನ್ನೋ ಅನಿಲ ಬಿಡುತ್ತವೆ. ಗಿಡಗಳಿಗೆ ಅದೇ ಒಂದು ಹಾರ್ಮೋನು. ಶಿಕಾಗೊದ ಹಸಿರುಮನೆಗಳಲ್ಲಿ ಆಗೆಲ್ಲ ದೀಪ ಉರಿಸಲು ಬಳಸುತ್ತಿದ್ದ ಗ್ಯಾಸ್ ಸೋರಿ ಕಾರ್ನೇಷನ್ ಹೂಗಳು ಹಾಳಾಗುತ್ತಿದ್ದವು. ಆ ಗ್ಯಾಸ್‌ನಲ್ಲಿದ್ದ ಎಥಿಲೀನ್ ಹೂವಿಗೆ ಎಷ್ಟು ಕೆಟ್ಟದ್ದು ಅಂತ ಸಸ್ಯವಿಜ್ಞಾನಿಗಳಾದ ಕ್ರಾಕರ್ ಮತ್ತು ನೈಟ್ 1908ರಲ್ಲೇ ತೋರಿಸಿದ್ದರು.

ಒಂದು ಮೊಗ್ಗಿನ ಎಸಳನ್ನೂ ಅರಳಿದ ಹೂವಿನ ಎಸಳನ್ನೂ ಅಂಗೈ ಮೇಲೆ ಇಟ್ಟು ನೋಡಿ. ಒಂದು ಪುಟ್ಟದು, ಇನ್ನೊಂದು ಅಗಲ. ಈ ಕೊನೆಯ ಹಂತದಲ್ಲಿ ಹೊಸ ಕೋಶಗಳು ಹುಟ್ಟುವುದಕ್ಕಿಂತ ಇರುವ ಕೋಶಗಳೇ ನೀರು ಕುಡಿದು ಹಿಗ್ಗುವುದು ಜಾಸ್ತಿ. ಅದಕ್ಕೆ ನೀರು ಒಳಗೆ ಬಿಡುವ ಬಾಗಿಲು ಬೇಕು, ಕೋಶದ ಗೋಡೆ ಬೆಳೆಸಲು ಸೆಲ್ಯುಲೋಸ್ ಬೇಕು.

ಚೀನಾದ ಸಂಶೋಧಕರು 'ಸಮಂತಾ' ಅನ್ನೋ ಗುಲಾಬಿ ತಳಿಯಲ್ಲಿ ಇದರ ಕೀಲಿ ಹುಡುಕಿ 2013ರಲ್ಲಿ ಪ್ರಕಟಿಸಿದರು. ಎಸಳಿನಲ್ಲಿ ಮಿರ್164 ಅನ್ನೋ ಪುಟಾಣಿ ಆರ್‌ಎನ್‌ಎ ಇದೆ, ಬರೀ 21 ರಾಸಾಯನಿಕ ಅಕ್ಷರದ್ದು. ನ್ಯಾಕ್100 ಎಂಬ ಜೀನಿನಿಂದ ಹೊರಟ ಸಂದೇಶವನ್ನು ಅದು ಅಕ್ಷರಕ್ಕೆ ಅಕ್ಷರ ಜೋಡಿಸಿ ಹಿಡಿಯುತ್ತದೆ, ಸಂದೇಶ ಅಲ್ಲೇ ತುಂಡಾಗುತ್ತದೆ. ನ್ಯಾಕ್100 ಯಾರು ಅಂದರೆ, ಆ ಬಾಗಿಲನ್ನೂ ಸೆಲ್ಯುಲೋಸನ್ನೂ ತಯಾರಿಸುವ ಜೀನುಗಳನ್ನು ಅದುಮಿ ಹಿಡಿಯುವವನು. ಅವನು ಸುಮ್ಮನಿದ್ದರೆ ಎಸಳು ಹಿಗ್ಗುತ್ತದೆ.

ಎಥಿಲೀನ್ ಬಂದಾಗ ಮಿರ್164 ಕಮ್ಮಿಯಾಗುತ್ತದೆ. ನ್ಯಾಕ್100 ತಲೆ ಎತ್ತುತ್ತದೆ. ಹೂವು ಬೇಗ ಬೇಗ ಬಾಯಿ ಬಿಡುತ್ತದೆ, ಆದರೆ ಎಸಳುಗಳು ಚಿಕ್ಕದಾಗೇ ಉಳಿಯುತ್ತವೆ. ಗಾಳಿಯಲ್ಲಿ ತೇಲಿ ಬಂದ ಹಾರ್ಮೋನು ಒಂದು ಎಸಳಿನ ಅಳತೆಯನ್ನು 21 ಅಕ್ಷರದ ಮೂಲಕ ಬದಲಿಸುತ್ತದೆ ಅನ್ನೋದು ನನಗೆ ಇವತ್ತಿಗೂ ಬೆರಗು.

ಎಲ್ಲ ಗುಲಾಬಿಗಳೂ ಒಂದೇ ಥರ ಅಲ್ಲ, ಕೆಲವು ತಳಿಗಳು ಎಥಿಲೀನನ್ನು ಚೆನ್ನಾಗೇ ತಡೆದುಕೊಳ್ಳುತ್ತವೆ. ಹೂವಿನ ವ್ಯಾಪಾರದಲ್ಲಿ ಎಥಿಲೀನನ್ನು ತಡೆಯಲು 1-ಎಂಸಿಪಿ ಅನ್ನೋ ಅನಿಲ ಬಳಸುತ್ತಾರೆ. ಕೋಶದಲ್ಲಿ ಎಥಿಲೀನ್ ಕೂರಬೇಕಾದ ಜಾಗದಲ್ಲಿ ಅದು ಮೊದಲೇ ಹೋಗಿ ಕೂತುಬಿಡುತ್ತದೆ. ಮನೆಯಲ್ಲಿ ಅದೆಲ್ಲ ಬೇಕಿಲ್ಲ. ಹೂದಾನಿಯನ್ನು ಹಣ್ಣಿನ ಬುಟ್ಟಿಯಿಂದ ದೂರ, ಗಾಳಿಯಾಡುವ ಕಡೆ ಇಡಿ. ಫ್ರಿಜ್‌ನಲ್ಲಿ ಇಡೋದಾದರೆ ಮೊದಲು ಸೇಬನ್ನು ಹೊರಗೆ ತೆಗೆಯಿರಿ.