ಯೂರಿಯಾ ಚೀಲ ಬಿಚ್ಚಿದ ಮೂಲೆ

ಕೊಪ್ಪದ ಕಡೆಯ ನಮ್ಮ ಗದ್ದೆಯಲ್ಲಿ ಹೋದ ವರ್ಷ ಭೂಮಿ ಹುಣ್ಣಿಮೆ ಕಳೆದು ಹತ್ತು ದಿನವಾಗಿತ್ತು. ಭತ್ತವೆಲ್ಲ ತೆನೆ ಬಿಟ್ಟಿತ್ತು, ಒಂದು ಮೂಲೆ ಬಿಟ್ಟು. ಅಂಚಿನ ಪಕ್ಕ ಚಾಪೆ ಹಾಸುವಷ್ಟು ಜಾಗ. ಅಲ್ಲಿ ಎಲೆ ಕಡುಹಸಿರು, ಪೈರು ಉಳಿದದ್ದಕ್ಕಿಂತ ಅರ್ಧ ಗೇಣು ಎತ್ತರ. ತೆನೆ ಮಾತ್ರ ಇಲ್ಲ. ಪಕ್ಕದ ಗದ್ದೆಯ ಅಣ್ಣ ನೋಡಿ ನಕ್ಕರು. "ಯೂರಿಯಾ ಚೀಲ ಬಿಚ್ಚಿದ್ದು ಇಲ್ಲೇ ಅಲ್ವಾ?"

ಹೌದು, ಅಲ್ಲೇ. ಚೆಲ್ಲಿದ್ದನ್ನು ಯಾರೂ ಬಾಚಿರಲಿಲ್ಲ.

ಭತ್ತದ ಅನೇಕ ತಳಿಗಳಿಗೆ ಹೂ ಬಿಡುವ ಹೊತ್ತು ಗೊತ್ತಾಗುವುದು ಮುಖ್ಯವಾಗಿ ಹಗಲಿನ ಉದ್ದದಿಂದ. ಮಳೆಗಾಲ ಮುಗಿಯುತ್ತ ಬಂದಂತೆ ಹಗಲು ಮೋಟಾಗುತ್ತದೆ. ಎಲೆ ಅದನ್ನು ಗುರುತಿಸಿ, ಎಚ್‌ಡಿ3ಎ ಎಂಬ ಪ್ರೋಟೀನ್ ತಯಾರಿಸಿ ಕುಡಿಗೆ ಕಳಿಸುತ್ತದೆ. ಎಲೆ ಸಾಕು, ಇನ್ನು ತೆನೆ ಕಟ್ಟು ಅನ್ನುವ ಓಲೆ ಅದು. ಇಂಥದ್ದೊಂದು ಇರಬೇಕು ಅಂತ 1930ರ ದಶಕದಲ್ಲೇ ಊಹಿಸಿದ್ದರು. ಭತ್ತದಲ್ಲಿ ಅದನ್ನು ಜಪಾನಿನ ವಿಜ್ಞಾನಿಗಳು ತೋರಿಸಿದ್ದು 2007ರಲ್ಲಿ.

ಯೂರಿಯಾ ಕೊಡುವುದು ಸಾರಜನಕ. ಅದು ಅತಿಯಾದ ಪೈರಿನಲ್ಲಿ ಈ ಓಲೆ ತಡವಾಗುತ್ತದೆ. ಊಟ ಇದೆಯಲ್ಲ, ಬುಡದಿಂದ ಇನ್ನೆರಡು ತೆಂಡೆ, ಅಂದರೆ ಮರಿ ದಂಟು, ಒಡೆಯೋಣ ಅಂತ ಗಿಡ ಎಲೆಯಲ್ಲೇ ಕಾಲ ಕಳೆಯುತ್ತದೆ. ತುಸು ಹಸಿದ ಪೈರು ಬೇಗ ತೆನೆಗೆ ಹೊರಡುತ್ತದೆ. ತಡ ಅಂದರೆ ತಿಂಗಳುಗಟ್ಟಲೆ ಅಲ್ಲ, ಕೆಲವು ದಿನ. ಆದರೆ ನಮ್ಮ ಮಲೆನಾಡಿನಲ್ಲಿ ಆ ಕೆಲವು ದಿನವೇ ದುಬಾರಿ. ಹೊಡೆ ತುಂಬುವಾಗ, ಅಂದರೆ ತೆನೆ ಇನ್ನೂ ದಂಟಿನೊಳಗೇ ಬೆಳೆಯುವಾಗ, ಚಳಿ ಹಿಡಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಯೂರಿಯಾ ತಿಂದು ಕೊಬ್ಬಿದ ಪೈರಿಗೆ ಚಳಿಯ ಪೆಟ್ಟೂ ಜಾಸ್ತಿ, ಬೆಂಕಿ ರೋಗವೂ ಜಾಸ್ತಿ. 45 ಕಿಲೋ ಚೀಲದಲ್ಲಿ 20 ಕಿಲೋಗೂ ಮೀರಿ ಸಾರಜನಕ ಇರುತ್ತದೆ. ಒಂದೆರಡು ಬೊಗಸೆ ಚೆಲ್ಲಿದರೂ ಚಾಪೆಯಷ್ಟು ಜಾಗಕ್ಕೆ ಅದು ಹಬ್ಬದೂಟ.

ಹಾಗಂತ ಯೂರಿಯಾವೇ ಬೇಡ ಅಂದರೆ ಅದೂ ತಪ್ಪು. ತೆನೆ ಹೊರಗೆ ಕಾಣುವ ಸುಮಾರು 30 ದಿನ ಮೊದಲೇ ದಂಟಿನೊಳಗೆ ಹುಟ್ಟಿರುತ್ತದೆ. ದಪ್ಪ ದಂಟೊಂದನ್ನು ಬುಡಸಮೇತ ಕಿತ್ತು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿ. ಮೇಲಿನ ಗಿಣ್ಣಿನ ತುದಿಯಲ್ಲಿ ಒಂದೆರಡು ಮಿಲಿಮೀಟರಿನ ಬಿಳಿ ಕುಚ್ಚು ಕಂಡರೆ ಅದೇ ತೆನೆ. ಆ ಹೊತ್ತಿಗೆ ಹಿತವಾಗಿ ಮೇಲುಗೊಬ್ಬರ ಬಿದ್ದರೆ ತೆನೆಗೆ ಕಾಳು ಹೆಚ್ಚುತ್ತದೆ. ಅದೇ ಯೂರಿಯಾ, ಹೊತ್ತು ಬೇರೆ. ನಾವು ಬಹಳ ಜನ ದಂಟು ಸೀಳುವುದಿಲ್ಲ, ಸುಮ್ನೆ ಕ್ಯಾಲೆಂಡರ್ ನೋಡಿ ಎರಚುತ್ತೇವೆ.

ರಂಜಕದ ಕಥೆ ಉಲ್ಟಾ. ಅದು ಕಡಿಮೆಯಾದರೆ ತೆಂಡೆಯೂ ಕಡಿಮೆ, ಹೂವೂ ತಡ. ನಮ್ಮ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸೇರಿ ಅದನ್ನು ಕಟ್ಟಿಹಾಕುತ್ತವೆ.

ಪೊಟ್ಯಾಷ್ ಕೆಲಸ ನೋಡಬೇಕಾದರೆ ಬೆಳಿಗ್ಗೆ ಹತ್ತರ ಬಿಸಿಲಿಗೆ ಗದ್ದೆಯ ಅಂಚಿನಲ್ಲಿ ಕೂರಬೇಕು. ಭತ್ತದ ಹೂವಿನ ಬುಡದಲ್ಲಿ ಎರಡು ಪುಟ್ಟ ತಿರುಳಿನ ತುಣುಕುಗಳಿವೆ. ಪೊಟ್ಯಾಷ್ ಗೊಬ್ಬರ ಕೊಡುವ ಪೊಟ್ಯಾಸಿಯಂ ಅವುಗಳೊಳಗೆ ಸೇರಿ ನೀರನ್ನು ಎಳೆದುಕೊಳ್ಳುತ್ತದೆ. ತುಣುಕು ಉಬ್ಬಿ ಸಿಪ್ಪೆಯನ್ನು ಒತ್ತುತ್ತದೆ, ಹೂ ಬಾಯಿ ಬಿಡುತ್ತದೆ. ಆರು ಕೇಸರ ಹೊರಗೆ ಇಣುಕಿ ಜೋತು ಬೀಳುತ್ತವೆ. ಪರಾಗ ಬದುಕುವುದು ಕೆಲವೇ ನಿಮಿಷ. ಸುಮಾರು ಒಂದು ಗಂಟೆಯಲ್ಲಿ ಬಾಗಿಲು ಮುಚ್ಚಿಯಾಯಿತು. ಒಂದು ಹೂವಿಗೆ ಸಿಗುವುದು ಅಷ್ಟೇ ಹೊತ್ತು.

ನಮ್ಮ ಆ ಮೂಲೆಯೂ ಕೊನೆಗೆ ತೆನೆ ಬಿಟ್ಟಿತು, ಎಂಟು ದಿನ ತಡವಾಗಿ. ಕೊಯ್ಲಿನ ದಿನ ಅಲ್ಲಿ ಅರ್ಧ ಹಸಿರು, ಉಳಿದರ್ಧ ಜೊಳ್ಳು. ಅಷ್ಟಕ್ಕಾಗಿ ಇನ್ನೊಂದು ದಿನ ಆಳು ಕರೆಯುವವರು ಯಾರು? ಕೊಯ್ದು ಕೊಟ್ಟಿಗೆಗೆ ಹಾಕಿದೆವು. ದನಗಳು ಮಾತ್ರ ಖುಷಿಯಾಗಿ ತಿಂದವು.